ಕರಿ ಕೋಣೆಯ ಸ್ಟೂಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಹೊಸ ಇದ್ದಿಲು ಚೀಲ ಬಿಚ್ಚಿದೆ. ಮಾಸ್ಕ್ ಕಟ್ಟಿದ್ದರೂ ಮೂಗಿನೊಳಗೆಲ್ಲ ಕರಿ. ಪ್ಲಾಟಿನಮ್ ಉಪ್ಪಿನ ನೀರು ತೂಗಿ ಪಾತ್ರೆಗೆ ಬಿಟ್ಟೆ. ಗಾಢ ಕಿತ್ತಳೆ ಬಣ್ಣ. ನೆನೆದ ಇದ್ದಿಲು ಅದನ್ನು ಸದ್ದಿಲ್ಲದೆ ನುಂಗುತ್ತದೆ. ನೋಡಲು ಏನೂ ಇಲ್ಲ, ಎಲ್ಲ ಒಂದೇ ಕರಿ. ಆದರೂ ನಿಂತು ನೋಡುವ ಚಟ ಬಿಟ್ಟಿಲ್ಲ. ಆಮೇಲೆ ಫಾರ್ಮಲಿನ್. ಕಣ್ಣುರಿ. ಒಂದು ಹನಿ ಸೋಸಿ, ಅಯೊಡೈಡ್ ಬಿಟ್ಟು ನೋಡಿದೆ — ಕೆಂಪಾಗಲಿಲ್ಲ. ಅಂದರೆ ನೀರಿನಲ್ಲಿ ಪ್ಲಾಟಿನಮ್ ಉಳಿದಿಲ್ಲ, ಅಷ್ಟೂ ಇದ್ದಿಲಿಗೆ ಹತ್ತಿದೆ. ಬ್ಯಾಚ್ ಓಕೆ.

ಊಟದ ಹೊತ್ತಿಗೆ ಮ್ಯಾನೇಜರ್ ಕರೆಸಿದರು. ಹೊಸಬರು, ನನ್ನ ಅರ್ಧ ವಯಸ್ಸು, ಒಳ್ಳೆಯವರು. ಏನಾದರೂ ಕೆಟ್ಟದ್ದು ಹೇಳುವ ಮುಂಚೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾರೆ. ಇವತ್ತು ಬಹಳ ಸಲ ಮಾಡಿದರು.

"ಮೇಡಂ, ನಿಮಗೆ ಗೊತ್ತಾಗಿರುತ್ತೆ..."

ಗೊತ್ತಾಗಿತ್ತು. ಪಕ್ಕದ ಹೊಸ ಕಟ್ಟಡಕ್ಕೆ ಗಾಜು ಕೂರಿಸಿದ ದಿನವೇ. ಇನ್ನು ಮುಂದೆ ಎಲ್ಲ ಅಲ್ಲಿ, ಮುಚ್ಚಿದ ಸ್ಟೀಲ್ ಯಂತ್ರದೊಳಗೆ. ತಿಂಗಳ ಕೊನೆಗೆ ನಮ್ಮ ಈ ಕರಿ ಕೋಣೆ ಬಂದ್.

"ಉರಿಯೋ ಸಾಮಾನು ಏನಿದೆಯೋ ಅಷ್ಟೂ ರಿಫೈನರಿಗೆ ಹೋಗ್ಬೇಕು. ಮೇಜು, ಕಪಾಟು, ನೆಲದ ಹಲಗೆ ಸಮೇತ. ಸುಟ್ಟು ಬೂದಿಯಿಂದ ಪ್ಲಾಟಿನಮ್ ತೆಗೀತಾರೆ. ನೀವೇ ಮುಂದೆ ನಿಂತು ಮಾಡಿಸಿ. ನಿಮ್ಮಷ್ಟು ಕಟ್ಟುನಿಟ್ಟು ಇನ್ಯಾರಿದ್ದಾರೆ?"

ಹೊಗಳಿದರೋ, ಹಳ್ಳಕ್ಕೆ ತಳ್ಳಿದರೋ... ಸರಿ ಎಂದು ಬಂದೆ. ಮಧ್ಯಾಹ್ನದ ಫಿಲ್ಟರ್ ಕೆಲಸ ಎಂದಿನಂತೆ ಆಯಿತು.

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 6

ನಿನ್ನೆ ಸಂಜೆಯೇ ಅಕ್ಕನಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಈಗ ಕಾಫಿ ಕೊಡುತ್ತಾ ಹೇಳಿಬಿಟ್ಟೆ.

"ಮುಚ್ಲಿ ಬಿಡು. ಆ ಫಾರ್ಮಲಿನ್ ವಾಸನೆ ಇನ್ನೂ ನನ್ನ ಕೂದಲಲ್ಲಿದೆ" ಅಂದಳು. ಕಾಫಿ ಕುಡಿದಳು. ಲೋಟ ಕೆಳಗಿಟ್ಟು, "ತೂಕದ ಗಾಜಿನ ಪೆಟ್ಟಿಗೆ ಯಾರಿಗೆ ಕೊಡ್ತಾರಂತೆ?" ಅಂದಳು. ಆಮೇಲೆ, "ಬೇಸಿನ್ ಮೇಲಿನ ಕನ್ನಡಿ?" ನಾನು ಚಪ್ಪಲಿ ಮೆಟ್ಟುವಾಗ, "ಆ ಕಿಟಕಿ ಬಿರುಕು ಹಾಗೇ ಇದೆಯೇನೇ?"

ನನ್ನನ್ನು ಅಲ್ಲಿ ಸೇರಿಸಿದ್ದೇ ಅವಳು. ಒಂದೇ ಮೇಜು, ಆ ಬದಿ ಅವಳು, ಈ ಬದಿ ನಾನು. ಯೌವನ ಅಲ್ಲೇ ಕಳೆಯಿತು. ಅವಳದ್ದು ಮಂಡಿನೋವು ಶುರುವಾಗುವವರೆಗೆ, ನನ್ನದು ಈ ತಿಂಗಳವರೆಗೆ. ಭಾವ ತೀರಿಕೊಂಡ ಮೇಲೆ ನನ್ನ ಮನೆಗೇ ಬಂದಳು. ಮದುವೆಯ ತಾಪತ್ರಯಕ್ಕೆ ನಾನು ಹೋಗಲಿಲ್ಲವಾದ್ದರಿಂದ ಮನೆಯಲ್ಲಿ ಜಗಳಕ್ಕೆ ಜನ ಬೇಕಿತ್ತು. ಸಿಕ್ಕಿದಳು.

ಸೇರಿದ ಮೊದಲ ದಿನ ಅವಳನ್ನು ಕೇಳಿದ್ದೆ, ಈ ಕರಿ ಪುಡಿ ಯಾಕೆ ಬೇಕು ಜನಕ್ಕೆ ಎಂದು. "ಮದುವೆ ಮಾಡಿಸೋರು ಇರ್ತಾರಲ್ಲ, ಹಾಗೆ. ಹೈಡ್ರೋಜನ್ ಒಂದು ಕಡೆ, ಔಷಧಿಯೋ ಬಣ್ಣವೋ ಆಗಬೇಕಾದ ಸಾಮಾನು ಇನ್ನೊಂದು ಕಡೆ. ಎರಡೂ ಸುಮ್ಮನೆ ಮುಖ ತಿರುಗಿಸ್ಕೊಂಡು ಕೂತಿರ್ತವೆ. ಇದು ಮಧ್ಯೆ ಹೋಗಿ ಮಾತಾಡಿಸಿ, ಜೋಡಿ ಮಾಡಿಸಿ, ತಾನು ಹೋದ ಹಾಗೇ ವಾಪಸ್ ಬರುತ್ತೆ." ಕಾಲೇಜಿನಲ್ಲಿ ಮೂರು ವರ್ಷ ಕೆಟಲಿಸ್ಟ್ ಕೆಟಲಿಸ್ಟ್ ಎಂದು ಬಾಯಿಪಾಠ ಮಾಡಿದ್ದು ಅವತ್ತು ತಲೆಗೆ ಹೋಯಿತು.

ಮಾರ್ಚ್ 6, ಗುರುವಾರ

ನಮ್ಮ ಕೋಣೆಯ ಪದ್ಧತಿ: ಒಳಗೆ ಹೋದದ್ದು ಹೊರಗೆ ಬರುವಂತಿಲ್ಲ. ಚಪ್ಪಲಿ ಬಾಗಿಲಲ್ಲಿ ಬದಲು. ಏಪ್ರನ್, ಟೋಪಿ, ಒರೆಸುವ ಬಟ್ಟೆ, ಮೊಂಡು ಪೆನ್ಸಿಲ್ಲು ಎಲ್ಲ ಒಂದು ಚೀಲಕ್ಕೆ. ಕೈ ತೊಳೆದ ನೀರೂ ಚರಂಡಿಗಲ್ಲ, ತೊಟ್ಟಿಗೆ — ತಳದಲ್ಲಿ ಕೂತ ಮಸಿಯನ್ನೂ ಬಳಿದು ಕಳಿಸುತ್ತೇವೆ. ವರ್ಷಕ್ಕೊಮ್ಮೆ ಅಷ್ಟನ್ನೂ ಸುಡುತ್ತಾರೆ. ಬಾಗಿಲಲ್ಲಿ ನಿಂತು ಎಲ್ಲರ ಜೇಬು ನೋಡುವ ಕೆಲಸ ನನ್ನದು. ಬೆನ್ನ ಹಿಂದೆ ನನಗೆ ಬಾಗಿಲ ಭೂತ ಎನ್ನುತ್ತಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಪಾಪ.

ಇವತ್ತು ಫಿಲ್ಟರ್ ಅಣ್ಣ ಬಂದ. ಸೋಸುವ ಕೆಲಸ ಅವನದ್ದು, ಅಕ್ಕ ಇದ್ದಾಗಿನಿಂದ. ಕೈಯಲ್ಲಿ ಮರದ ಹುಟ್ಟು. ಫಿಲ್ಟರ್ ಮೇಲಿನ ಕರಿ ಮುದ್ದೆಯನ್ನು ಅದರಲ್ಲೇ ತಿರುವಿ, ನೀರು ಚಿಮುಕಿಸಿ, ಯಾವತ್ತೂ ಒಣಗಲು ಬಿಡದೆ ಕಾಯ್ದವನು. ಒಣಗಿದರೆ ತಾನಾಗಿ ಕೆಂಡ ಹತ್ತುವ ಜಾತಿ ಅದು.

"ಮೇಡಂ, ಇದೊಂದನ್ನ ಮನೆಗೆ ತಗೊಂಡು ಹೋಗ್ಲಾ? ಗೋಡೆಗೆ ನೇತು ಹಾಕ್ತೀನಿ. ಹಿಡಿ ನೋಡಿ, ನನ್ನ ಬೆರಳಿನ ಆಕಾರಕ್ಕೇ ಸವೆದಿದೆ."

"ಅದರೊಳಗೆ ಎಷ್ಟು ಪ್ಲಾಟಿನಮ್ ಕೂತಿದೆಯೋ ಯಾರಿಗೆ ಗೊತ್ತು? ಇಡು ಅಲ್ಲಿ."

ಇಟ್ಟ. ಮುಖ ಸಪ್ಪಗಾಯಿತು. ಗುಡಿಸುವ ಹೆಂಗಸು ಕಾಲೊರಸು ಕೇಳಿದಳು, ತಾನೇ ನೇಯ್ದದ್ದಂತೆ. ಅವಳಿಗೂ ಅದೇ ಉತ್ತರ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಅನ್ನುವುದು ನನ್ನ ಹತ್ತಿರ ನಡೆಯುವುದಿಲ್ಲ.

ಮಾರ್ಚ್ 8, ಶನಿವಾರ

ಅಕ್ಕ ಕೇಳಿಯೇ ಬಿಟ್ಟಳು. ನಾಲ್ಕು ದಿನದಿಂದ ಕನ್ನಡಿ, ಪೆಟ್ಟಿಗೆ, ಕಿಟಕಿ ಎಂದು ಸುತ್ತುತ್ತಿದ್ದುದು ಇದಕ್ಕೇ.

"ನನ್ನ ಸ್ಟೂಲ್ ತಂದುಕೊಡೇ."

ಆ ಸ್ಟೂಲು ಭಾವ ಮಾಡಿದ್ದು. ಆಗ ಅವರು ನಮಗೆ ಭಾವ ಅಲ್ಲ, ಕಾರ್ಖಾನೆಯ ಬಡಗಿ. ಪೆಟ್ಟಿಗೆ, ಕಪಾಟು ಮಾಡಿಕೊಂಡಿದ್ದವರು. ನಮ್ಮ ಮೇಜು ಎತ್ತರ, ಅಕ್ಕ ಗಿಡ್ಡ. ಕಾಲು ನೆಲಕ್ಕೆ ತಾಗದೆ ಜೋಮು ಹಿಡಿಯುತ್ತಿತ್ತು. ಬಡಗಿ ಅಳತೆಗೆ ಬಂದರು. ಮಂಡಿಯಿಂದ ಪಾದಕ್ಕೆ, ಮೊಣಕೈಯಿಂದ ಮೇಜಿಗೆ. ಮಾರನೆ ದಿನ ಮತ್ತೆ ಬಂದರು. ಅದರ ಮಾರನೆ ದಿನವೂ.

"ಮತ್ತೆ ಯಾಕೆ?" ಅಂದಳು ಅಕ್ಕ.

"ಮರ ಒಣಗಿದ್ರೆ ಕುಗ್ಗುತ್ತೆ. ಮತ್ತೆ ಅಳೀಬೇಕು."

"ಕುಗ್ಗೋದು ಮರ. ನನ್ನನ್ನ ಯಾಕೆ ಅಳೀತೀರಾ?"

ನಾನು ಆ ಕಡೆ ತಿರುಗಿ ನಕ್ಕಿದ್ದೆ. ಬಡಗಿಯ ಕಿವಿ ಕೆಂಪಾಗಿತ್ತು. ಸ್ಟೂಲು ಬಂತು: ಕಾಲಿಡಲು ಎರಡು ಹಂತ, ಕೂರುವಲ್ಲಿ ಒಂಚೂರು ತಗ್ಗು, ಅಂಚೆಲ್ಲ ಉರುಟು. ಆ ವರ್ಷವೇ ಮದುವೆ.

ಆಮೇಲೆ ಅವರು ಮನೆಗೆ ಒಂದು ಮೊಳೆ ಹೊಡೆದವರಲ್ಲ. ಬಡಗಿಯ ಮನೆ, ಕುರ್ಚಿಯೆಲ್ಲ ಅಂಗಡಿಯದ್ದು. ಮಂಚ ಮಾಡಿಕೊಡ್ತೀನಿ, ಬರೋ ತಿಂಗಳು, ಬರೋ ತಿಂಗಳು... ಕೊನೆಗೂ ಮಾಡಲಿಲ್ಲ. ಅಕ್ಕ ಅದನ್ನೇ ಇವತ್ತು ಹೇಳಿದಳು. ಅಳಲಿಲ್ಲ, ಬೈದಳು.

"ಸೋಮಾರಿ ಮನುಷ್ಯ. ಕೈಯಿಂದ ಮಾಡಿಕೊಟ್ಟಿದ್ದು ಅದೊಂದೇ. ಅದೂ ಫ್ಯಾಕ್ಟರಿ ಮರದಲ್ಲಿ."

ಅಕ್ಕ ಬಿಟ್ಟ ಮೇಲೆ ಅದರ ಮೇಲೆ ಯಾರನ್ನೂ ಕೂರಿಸಿಲ್ಲ ನಾನು. ಮೇಜಿನ ಆ ಬದಿಯಲ್ಲೇ ಇದೆ. ಹೊಸಬರು ಎಳೆದುಕೊಳ್ಳಲು ಬಂದರೆ ನನ್ನ ಕೆಮ್ಮು ಸಾಕು.

ನೋಡೋಣ ಅಂದೆ. ನೋಡುವುದು ಏನಿದೆ?

ಮಾರ್ಚ್ 10, ಸೋಮವಾರ, ಮಧ್ಯಾಹ್ನ

ಮ್ಯಾನೇಜರ್‌ಗೆ ಹೇಳಿದೆ. ಕೇಳಬಾರದು ಎಂದುಕೊಂಡೇ ಕೇಳಿದೆ. ಮುಚ್ಚಳ ಒಂದೇ ಸಲ ತೆಗೆದು ಹಾಕಿದರು.

"ತಗೊಂಡು ಹೋಗಿ ಮೇಡಂ. ಒಂದು ಸ್ಟೂಲ್ ತಾನೇ? ನಾನಂತೂ ನೋಡಿಲ್ಲ."

ಎಷ್ಟು ಹಗುರ. ಕೋಣೆಗೆ ಬರುವಷ್ಟರಲ್ಲಿ ಮನಸ್ಸಿನಲ್ಲೇ ಅದನ್ನು ಮನೆಗೆ ಸಾಗಿಸಿ, ಕಿಟಕಿಯ ಪಕ್ಕ ಇಟ್ಟು, ಅಕ್ಕನನ್ನು ಕೂರಿಸಿಯೂ ಆಗಿತ್ತು. ಬಾಗಿಲು ತೆರೆದರೆ ಫಿಲ್ಟರ್ ಅಣ್ಣ ತನ್ನ ಹುಟ್ಟನ್ನು ಚೀಲಕ್ಕೆ ಕಟ್ಟುತ್ತಿದ್ದ. ಮಗುವಿಗೆ ಶಾಲು ಸುತ್ತುವ ಹಾಗೆ ಸುತ್ತುತ್ತಿದ್ದ. ನನ್ನ ಕಡೆ ನೋಡಿ, "ಗಂಟು ಸರಿ ಇದೆಯಾ ಮೇಡಂ?" ಅಂದ.

ಸರಿ ಇದೆ ಅಂದೆ.

ಹೇಗೆ ತೆಗೆದುಕೊಂಡು ಹೋಗಲಿ? ಇವನ ಕಣ್ಣ ಮುಂದೆ, ಕಂಕುಳಲ್ಲಿ ಸ್ಟೂಲು ಇಟ್ಟುಕೊಂಡು, ಬಾಗಿಲ ಭೂತ ಬಾಗಿಲು ದಾಟುವುದು. ಇವನು ಏನೂ ಅನ್ನುವವನಲ್ಲ. ಅದೇ ಕಷ್ಟ.

ಮಾರ್ಚ್ 11, ಮಂಗಳವಾರ

ಅಕ್ಕನಿಗೆ ಹೇಳಿದೆ. ಮುಚ್ಚಿಡದೆ ಎಲ್ಲ ಹೇಳಿದೆ.

"ಅವರೇ ತಗೊಂಡು ಹೋಗಿ ಅಂದ್ರೂ ನೀನು ಬೇಡ ಅಂದ್ಯಾ?"

"ಫಿಲ್ಟರ್ ಅಣ್ಣನಿಗೆ ಇಲ್ಲ ಅಂದು ನಾನು ಹೇಗೆ..."

"ಅವನಿಗೂ ಕೊಡು."

"ಆಮೇಲೆ ಕಾಲೊರಸು. ಆಮೇಲೆ ಕಪಾಟಿನ ಬಾಗಿಲು. ಅಕ್ಕ, ಇಷ್ಟು ವರ್ಷ ನಾವೇ ಅಲ್ವಾ ಎಲ್ಲರ ಜೇಬು ನೋಡಿದ್ದು? ನಮ್ಮಿಬ್ಬರದ್ದು ಮಾತ್ರ ಬೇರೆ ಅಂತ ಹೇಗೆ ಹೇಳ್ಲಿ?"

"ನನ್ನದು ಬೇರೆನೇ. ನನ್ನ ಕೈಯಿಂದ ಒಂದು ಚುಕ್ಕಿ ಹೊರಗೆ ಬಿದ್ದಿಲ್ಲ. ನೀನು ಚೆಲ್ಲುಬುರುಕಿ. ನಿನ್ನ ಕಡೆ ಮೇಜು ನೋಡು, ನನ್ನ ಕಡೆ ಮೇಜು ನೋಡು."

ನಿಜವೇ. ಗಡಿ ಎಳೆದ ಹಾಗಿದೆ, ಅರ್ಧ ಕರಿ, ಅರ್ಧ ಮರದ ಬಣ್ಣ. ಆದರೆ ಕಣ್ಣಿಗೆ ಕಾಣದ್ದು ಮರದೊಳಗೆ ಇಳಿದಿರುತ್ತದಲ್ಲ. ಹಾಗಂದೆ. ಅನ್ನಬಾರದಿತ್ತು. ಅಲ್ಲಿಂದ ಅವಳ ಬಾಯಿಗೆ ಬೀಗ.

ಮಾರ್ಚ್ 17, ಸೋಮವಾರ

ಬೀಗ ತೆಗೆದಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಾಳೆ. "ಉಪ್ಪು ಮುಗಿದಿದೆ." ಗೋಡೆ ಹೋಗಿ ತರಬೇಕು.

ಕೊನೆಯ ಬ್ಯಾಚ್ ಇವತ್ತು ತುಂಬಿಸಿದೆವು. ಒದ್ದೆ ಮುದ್ದೆ, ಚೀಲದೊಳಗೆ ಚೀಲ, ಡ್ರಮ್ಮು. ಯಾವುದೋ ಔಷಧಿ ಕಾರ್ಖಾನೆಗೆ. ಅಲ್ಲಿ ದುಡಿದು ಸುಸ್ತಾದ ಮೇಲೆ ಹಳೇ ಪುಡಿ ವಾಪಸ್ ಬರುತ್ತದೆ, ಸುಟ್ಟು, ಶುದ್ಧ ಮಾಡಿ, ಮತ್ತೆ ನಮ್ಮ ಕಿತ್ತಳೆ ನೀರಾಗುತ್ತದೆ. ತವರಿಗೆ ಬಂದ ಮಗಳ ಹಾಗೆ, ನಾಲ್ಕು ದಿನ ಇದ್ದು ಮೈ ತುಂಬಿಕೊಂಡು ಮತ್ತೆ ಹೊರಡುವುದು. ಅಕ್ಕ ಮೊದಲ ದಿನ ತೂಗಿದ ಪ್ಲಾಟಿನಮ್ಮೇ ಇವತ್ತು ನಾನು ತುಂಬಿಸಿದ್ದರಲ್ಲೂ ಒಂದಿಷ್ಟು ಇರಬಹುದು. ಹೊಸ ಕಟ್ಟಡಕ್ಕೂ ಅದೇ ಹೋಗುತ್ತದೆ. ನಾವು ಹೋಗುವುದಿಲ್ಲ ಅಷ್ಟೆ. ನನಗೆ ಅಲ್ಲಿ ಗಾಜಿನಾಚೆ ಕೂತು ಪರದೆ ನೋಡುವ ಕೆಲಸ ಇದೆಯಂತೆ. ಬೇಡ ಅಂದೆ.

ಇದನ್ನೆಲ್ಲ, ಶುಕ್ರವಾರ ರಿಫೈನರಿಯವರು ಸಾಮಾನು ಒಯ್ಯಲು ಬರುವುದನ್ನೂ, ಮನೆಗೆ ಬಂದು ಗೋಡೆಗೆ ಹೇಳಿದೆ. ಒಳಗಿನಿಂದ ಗೋಡೆ ಕೇಳಿತು: "ಡ್ರಮ್ಮಿನ ಮುಚ್ಚಳ ನೀನೇ ಬಿಗಿದ್ಯಾ?"

"ನಾನೇ."

"ಶುಕ್ರವಾರ ನಾನೂ ಬರ್ತೀನಿ. ನೋಡ್ಬೇಕು."

ಮಾರ್ಚ್ 21, ಶುಕ್ರವಾರ

ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಲು ಕಾಲು ಗಂಟೆ. ಹಿಂದಿನಿಂದ ಕೈ ಕೊಡಲು ಬಂದ ಮ್ಯಾನೇಜರ್‌ಗೆ, "ಮುಂದೆ ಹೋಗಪ್ಪ, ಬಿದ್ರೆ ನಿನ್ನ ಮೇಲೆ ಬೀಳ್ತೀನಿ" ಅಂದಳು.

ಬಾಗಿಲಲ್ಲಿ ತಾನಾಗಿ ನಿಂತಳು. ಚಪ್ಪಲಿ ಬಿಟ್ಟಳು. ಟೋಪಿ ಹಾಕಿಕೊಂಡಳು, ಏಪ್ರನ್ ಕಟ್ಟಿಕೊಂಡಳು, ಗಂಟು ಎಡಕ್ಕೆ. ನಾನು ಸುಮ್ಮನೆ ಕೆಮ್ಮಿದೆ.

ಒಳಗೆ ಎಲ್ಲ ಅರ್ಧ ಬಿಚ್ಚಿದೆ. ಕಪಾಟು ಇಲ್ಲ. ಗೋಡೆಯಲ್ಲಿ ಅದರ ಬಿಳಿ ಗುರುತು ಇದೆ. ಫಿಲ್ಟರ್ ಅಣ್ಣ ಓಡಿ ಬಂದು, "ದೊಡ್ಡ ಮೇಡಂ" ಎಂದು ನಿಂತ. ಮುದ್ದೆಗೆ ಕೆಂಡ ಹತ್ತಿದ ದಿನ ನೆನಪಿದೆಯಾ ಎಂದು ಕೇಳಿದ. ನೆನಪಿಲ್ಲದೆ? ಆಗ ಅವನು ಕೆಲಸಕ್ಕೆ ಹೊಸಬ. ನೀರು ಹಾಕಲು ಮರೆತ. ಅಂಚಿನಲ್ಲಿ ಕೆಂಪು ಕಣ್ಣು ಬಿಟ್ಟಿತು, ಮೆಲ್ಲಗೆ ಹರಡಿತು. ನಾನು ಬಾಲ ತುಳಿದ ಬೆಕ್ಕಿನಂತೆ ಕಿರುಚಿ ಓಡಿದ್ದೆ. ಅಕ್ಕ ಸ್ಟೂಲಿನಿಂದ ಇಳಿದು, ಒದ್ದೆ ಬಟ್ಟೆ ಮುಚ್ಚಿ, "ಅದಕ್ಕೆ ಬಾಯಾರಿಕೆ ಕಣಪ್ಪ, ಕುಡಿಯೋಕೆ ಕೊಡ್ತಾ ಇರ್ಬೇಕು" ಅಂದಿದ್ದಳು. ಆಮೇಲೆ ಮತ್ತೆ ಹತ್ತಿ ಕೂತು ತೂಕ ಮುಂದುವರಿಸಿದ್ದಳು.

ಇವತ್ತೂ ಹತ್ತಿ ಕೂತಳು. ಮೊದಲ ಹಂತ, ಎರಡನೆಯ ಹಂತ, ತಿರುಗಿ ಕೂರುವುದು. ಮಂಡಿ ಒಪ್ಪಲಿಲ್ಲ, ನಾನು ಹಿಡಿದೆ. ಕೂತ ಮೇಲೆ ಕೈ ಬಿಡಿಸಿಕೊಂಡಳು. ಪಾದ ಹಂತದ ಮೇಲೆ. ಅಳತೆ ಈಗಲೂ ಸರಿ. ಮೇಜಿನ ಮೇಲೆ ಮೊಣಕೈ ಊರಿ, ಎದುರಿನ ನನ್ನ ಜಾಗ ನೋಡುತ್ತಾ ಇದ್ದಳು. ನಾನು ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಮಾತೇನೂ ಆಡಲಿಲ್ಲ. ಹಿಂದೆಯೂ ತೂಗುವಾಗ ಮಾತಾಡುತ್ತಿರಲಿಲ್ಲ, ಉಸಿರಿಗೂ ಪುಡಿ ಹಾರುತ್ತಿತ್ತು.

ಅಷ್ಟರಲ್ಲಿ ರಿಫೈನರಿಯವರು ಬಂದರು. ವರ್ಷವರ್ಷವೂ ಬರುವವರೇ, ನಮ್ಮಲ್ಲಿ ಅವರ ಹೆಸರು ಬೂದಿರಾಯ. ಅಕ್ಕ ಅವರನ್ನೇ ಕೇಳಿದಳು.

"ಇದನ್ನ ಸುಡದೆ, ಒಳಗೆ ಏನಿದೆ ಅಂತ ನೋಡೋಕಾಗಲ್ವಾ?"

"ಮೇಲೆ ಮೇಲೆ ನೋಡಬಹುದು ಅಮ್ಮ. ಮರದೊಳಗೆ ಎಷ್ಟು ಇಳಿದಿದೆ ಅಂತ ಸುಟ್ಟೇ ನೋಡಬೇಕು."

"ಹಾಗಾದ್ರೆ ಬೇರೆ ಸುಡಿ. ಇವಳ ಸಾಮಾನಿನ ಜೊತೆ ಸೇರಿಸಬೇಡಿ. ಇವಳು ಚೆಲ್ಲಿದ್ದೆಲ್ಲ ನನ್ನ ಲೆಕ್ಕಕ್ಕೆ ಬರೋದು ಬೇಡ."

"ಒಂದು ಸ್ಟೂಲಿಗೆ ಒಂದು ಕುಲುಮೆನಾ?" ಬೂದಿರಾಯ ನಗುತ್ತಾ ನನ್ನ ಕಡೆ ನೋಡಿದರು. ನಾನು ಇನ್ನೆಲ್ಲೋ ನೋಡಿದೆ. "ಆಗ್ಲಿ ಅಮ್ಮ. ಸ್ಯಾಂಪಲ್ ಸುಡೋ ಚಿಕ್ಕದೊಂದಿದೆ. ತುಂಡು ಮಾಡಿ ಹಾಕ್ತೀವಿ. ಇವರದ್ದನ್ನೂ ಬೇರೆ ಸುಡ್ಲಾ?"

"ಸುಡಿ. ಗೊತ್ತಾಗ್ಲಿ."

ತಾನಾಗಿ ಇಳಿದಳು. ಹಿಡಿಯಲು ಬಿಡಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಮಾತಾಡಿದಳು, ನನ್ನ ಜೊತೆಗೇ. ಕಿಟಕಿ ಬಿರುಕು ಹಾಗೇ ಇದೆ ಅಂದಳು.

ಮಾರ್ಚ್ 28, ಶುಕ್ರವಾರ

ಸುಟ್ಟರು.

ರಿಫೈನರಿಗೆ ಹೋಗಿ ನಿಂತಿದ್ದೆ. ನೆಲದ ಹಲಗೆ, ಮೇಜು ದೊಡ್ಡ ಕುಲುಮೆಗೆ. ಹುಟ್ಟು, ಕಾಲೊರಸು ಎಲ್ಲ ಅದರಲ್ಲೇ. ಸ್ಟೂಲಿನ ಕಾಲು ಕಳಚುವಾಗ ಕೆಲಸದವರು ಮೊಳೆ ಹುಡುಕಿದರು. ಒಂದೂ ಇರಲಿಲ್ಲ. ಎಲ್ಲ ಕೂಡುಕಟ್ಟು, ಮರವೇ ಮರವನ್ನು ಕಚ್ಚಿ ಹಿಡಿಯುವ ಕೆಲಸ. ಸೋಮಾರಿ ಭಾವ ಅಷ್ಟು ಶ್ರಮಪಟ್ಟಿದ್ದರು. ಗರಗಸ ಹಾಕಬೇಕಾಯಿತು.

ಅಕ್ಕನಿಗೆ ಇಷ್ಟು ವಿವರ ಹೇಳಿಲ್ಲ. "ಆಯ್ತಾ?" ಅಂದಳು. "ಆಯ್ತು" ಅಂದೆ.

ಏಪ್ರಿಲ್ 9, ಬುಧವಾರ

ಇಷ್ಟು ದಿನ ಬರೆದಿಲ್ಲ. ಬರೆಯಲು ಏನು? ಬೆಳಿಗ್ಗೆ ಏಳುತ್ತೇನೆ, ಕೆಲಸಕ್ಕೆ ಹೋಗುವಂತಿಲ್ಲ. ಮೂಗು ಒರೆಸಿದರೆ ಕರ್ಚೀಫು ಬಿಳಿ. ಯಾರದ್ದೋ ಮೂಗು ಅನಿಸುತ್ತದೆ.

ಇವತ್ತು ಅಕ್ಕನನ್ನು ಬಸ್ಸಿಗೆ ಕರೆದೊಯ್ದೆ. ಹೊಸ ಹೈಡ್ರೋಜನ್ ಬಸ್ಸು, ನಮ್ಮ ಬೀದಿಯ ಮೇಲೇ ಹೋಗುತ್ತದೆ. ಹೊಸ ಕಟ್ಟಡದಲ್ಲಿ ಮಾಡುವುದು ಹೆಚ್ಚಾಗಿ ಇದಕ್ಕೇ. ನಮ್ಮ ಪುಡಿಯನ್ನೇ ಶಾಯಿ ಮಾಡಿ ತೆಳು ಹಾಳೆಗೆ ಬಳಿಯುತ್ತಾರೆ. ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ಗಾಳಿ. ಕರೆಂಟು ಹುಟ್ಟುತ್ತದೆ, ಉಳಿಯುವುದು ನೀರು.

"ನಮ್ಮ ಮಸಿಯಿಂದ ಬಸ್ಸು ಓಡುತ್ತಾ?" ನಂಬಲಿಲ್ಲ. ಇಂಜಿನ್ ಸದ್ದು ಎಲ್ಲಿ ಎಂದು ಕಿವಿಗೊಟ್ಟಳು. ಕೊನೆಯ ನಿಲ್ದಾಣದಲ್ಲಿ ಇಳಿದು ಹಿಂದೆ ಹೋಗಿ ನೋಡಲೇಬೇಕೆಂದಳು. ಕೊಳವೆಯಿಂದ ಹನಿ ಹನಿ ನೀರು. ಬಗ್ಗಲಾಗದೆ ಕೋಲಿನ ತುದಿಯನ್ನು ಹನಿಗೆ ಹಿಡಿದು, ಒದ್ದೆಯಾದದ್ದನ್ನು ಬೆರಳಿನಿಂದ ಮುಟ್ಟಿದಳು.

"ಇಲ್ಲೂ ಮದುವೆ ಮಾಡಿಸ್ತಿದೆ" ಅಂದಳು.

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಈ ಮುದುಕಿಯರಿಗೆ ಬಸ್ಸಿನ ಹಿಂದೆ ಏನು ಕೆಲಸ ಎಂದುಕೊಂಡಿರಬೇಕು. ವಾಪಸ್ ಬರುವಾಗ ಅಕ್ಕನ ಕಾಲು ಸೀಟಿನಿಂದ ನೇತಾಡುತ್ತಿತ್ತು. ನನ್ನ ಚೀಲ ಕೆಳಗಿಟ್ಟೆ, ಅದರ ಮೇಲೆ ಪಾದ ಇಟ್ಟುಕೊಂಡಳು. "ಬೂದಿ ರಿಪೋರ್ಟ್ ಬಂತಾ?" ಅಂದಳು. ದಿನಾ ಕೇಳುತ್ತಾಳೆ.

ಏಪ್ರಿಲ್ 16, ಬುಧವಾರ, ಬೆಳಿಗ್ಗೆ 11

ಬೂದಿರಾಯರ ಫೋನು. ಅಕ್ಕ ಸ್ನಾನಕ್ಕೆ ಹೋಗಿದ್ದಳು.

"ಮೇಡಂ, ನಿಮ್ಮ ಸ್ಟೂಲಲ್ಲಿ ಒಳ್ಳೆ ಬೆಳೆ ಬಂದಿದೆ. ಒಂದು ಉಂಗುರಕ್ಕೆ ಸಾಕು." ನಕ್ಕರು.

"ಅಕ್ಕನದ್ದು?"

"ಅದರಲ್ಲಿ ಏನೂ ಇಲ್ಲ. ಅಳತೆಗೆ ಸಿಗೋವಷ್ಟೂ ಇಲ್ಲ. ಎರಡು ಸಲ ನೋಡಿದ್ವಿ, ಎಲ್ಲೋ ತಪ್ಪಾಯ್ತೇನೋ ಅಂತ. ನಮ್ಮ ಹುಡುಗ್ರು ಇದು ಆ ಕೋಣೆದೇನಾ ಅಂತ ಕೇಳಿದ್ರು."

ಥ್ಯಾಂಕ್ಸ್ ಅಂದೆ. ಫೋನ್ ಇಟ್ಟೆ. ಕೂತೆ.

ಒಂದು ಚುಕ್ಕಿ ಬಿದ್ದಿಲ್ಲ ಅಂದಿದ್ದಳು. ಬಿದ್ದಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೂ. ಹೆಮ್ಮೆಯಿಂದ ಎದೆ ತುಂಬಿತು, ಸತ್ಯವಾಗಿ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಹಾಗಾದರೆ ಆ ಸ್ಟೂಲು ಮನೆಯಲ್ಲಿ, ಈ ಕಿಟಕಿಯ ಪಕ್ಕ ಇರಬಹುದಿತ್ತು. ಗರಗಸ ಹಾಕಿ ಸುಟ್ಟದ್ದು ಯಾತಕ್ಕೆ?

ಸ್ನಾನದ ಮನೆಯ ಬಾಗಿಲು ತೆರೆಯಿತು. "ಯಾರದ್ದೇ ಫೋನು?"

"ರಾಂಗ್ ನಂಬರ್."

ಏಪ್ರಿಲ್ 17, ಗುರುವಾರ

ಎರಡೇ ದಾರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವಳ ಕೈ ಗೆದ್ದ ಹಾಗೆ, ಆದರೆ ಭಾವನ ಸ್ಟೂಲು ದಂಡಕ್ಕೆ ಹೋದ ಹಾಗೆ. ಸ್ವಲ್ಪ ಸಿಕ್ಕಿತಂತೆ ಎಂದರೆ ಸುಟ್ಟದ್ದಕ್ಕೆ ಒಂದು ಅರ್ಥ ಬರುತ್ತದೆ. ಅವಳು ಹೋಗಲಿ ಬಿಡು ಅನ್ನಬಹುದು, ನನ್ನ ಮೇಲಿನ ಸಿಟ್ಟೂ ಇಳಿಯಬಹುದು. ಆದರೆ ಜೀವಮಾನವೆಲ್ಲ ಉಸಿರು ಬಿಗಿಹಿಡಿದು ತೂಗಿದವಳ ಹೆಸರಿಗೆ ನಾನೇ ಮಸಿ ಬಳಿಯುವುದು. ಅದೂ ನನ್ನ ಸಮಾಧಾನಕ್ಕೆ.

ಊಟದ ಹೊತ್ತಿಗೆ ಮತ್ತೆ ಕೇಳಿದಳು. ಬಂದಿಲ್ಲ ಅಂದೆ. ಎದ್ದು ಮಜ್ಜಿಗೆ ತರಲು ಹೋದೆ.

ಏಪ್ರಿಲ್ 19, ಶನಿವಾರ, ಮಧ್ಯಾಹ್ನ

ಹೇಳಿಬಿಟ್ಟೆ. ಒಣಗಿದ ಬಟ್ಟೆ ಮಡಚುತ್ತಿದ್ದಳು, ಮಂಚದ ಮೇಲೆ ಕೂತು.

"ಬೂದಿರಾಯರು ಫೋನ್ ಮಾಡಿದ್ರು ಅಕ್ಕ."

"ಯಾವಾಗ?"

"ಬುಧವಾರ."

"ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ನಿನ್ನ ಸ್ಟೂಲಲ್ಲಿ ಏನೂ ಇರ್ಲಿಲ್ಲ. ಎರಡು ಸಲ ನೋಡಿದ್ರಂತೆ. ಅಳತೆಗೆ ಸಿಗೋವಷ್ಟೂ ಇಲ್ಲ. ನೀನು ಹೇಳಿದ್ದೇ ಸರಿ."

ಕೈ ನಿಂತಿತು. ಮುಖ ಅರಳಿತು. ಹುಡುಗಿಯ ಹಾಗೆ ನಕ್ಕಳು.

"ನಿಂದರಲ್ಲಿ?"

"ಒಂದು ಉಂಗುರಕ್ಕೆ ಆಗೋವಷ್ಟು."

ಇನ್ನೂ ಜೋರಾಗಿ ನಕ್ಕಳು. ಕಣ್ಣೊರೆಸಿಕೊಂಡಳು. "ಚೆಲ್ಲುಬುರುಕಿ. ಫಿಲ್ಟರ್ ಅಣ್ಣನಿಗೆ ಫೋನ್ ಮಾಡಿ ಹೇಳೇ. ಆ ಮ್ಯಾನೇಜರ್‌ಗೂ ಹೇಳು." ನಾನೂ ನಕ್ಕೆ. ಇಷ್ಟೇನಾ, ಇದಕ್ಕೆ ಮೂರು ದಿನ ಒದ್ದಾಡಿದೆನಾ ಅನಿಸಿತು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಮಡಚಿಟ್ಟ ಟವೆಲನ್ನು ಮತ್ತೆ ಬಿಚ್ಚಿ ಮಡಚುತ್ತಿದ್ದಳು. ಅದನ್ನೇ ಮತ್ತೊಮ್ಮೆ. ನಗು ಇನ್ನೂ ಮುಖದ ಮೇಲೇ ಇತ್ತು.

"ಸ್ವಲ್ಪನಾದ್ರೂ ಇರ್ಬೇಕಿತ್ತು ಕಣೇ" ಅಂದಳು.

ಅಷ್ಟೇ. ಟವೆಲ್ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಊಟ ಬೇಡವಂತೆ. ನಾನು ಹೊರಗೆ ಬಂದು ಇದನ್ನು ಹಿಡಿದು ಕೂತಿದ್ದೇನೆ. ಅವಳಿಗೆ ನಿದ್ದೆ ಬಂದಿಲ್ಲ, ಮಂಚ ಕಿರುಗುಟ್ಟುತ್ತಿದೆ. ಏನು ಹೇಳುವುದೋ ಗೊತ್ತಿಲ್ಲ. ಹೇಳದಿದ್ದರೂ ಸರಿ, ಹೋಗಿ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕೂರುತ್ತೇನೆ.